ಹತ್ತು ನಿಮಿಷದ ಹಲಗೆ

ಹರ್ಷಿಣಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳು ಸವೆದುಹೋಗಿವೆ. ಪೆರುಂಗುಡಿಯ ಕಂಪನಿಯಲ್ಲಿ ಬೆಳಗ್ಗೆ ಎಲ್ಲರೂ ಯಂತ್ರಕ್ಕೆ ಬೆರಳೊತ್ತಿ ಒಳಗೆ ಹೋದರೆ ಅವಳೊಬ್ಬಳು ಕಾವಲುಗಾರನ ಮೇಜಿನ ಮೇಲಿರುವ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಾಳೆ. ಹದಿನಾಲ್ಕು ವರ್ಷಗಳಿಂದ ಮರದ ಹಲಗೆಗಳಿಗೆ ಬಳಿಯುವ ವಾರ್ನಿಷ್ ತಯಾರಿಸುವುದು ಅವಳ ಕೆಲಸ. ಬಳಿದ ಹಲಗೆಯನ್ನು ಸಾಗುವ ಪಟ್ಟಿಯ ಮೇಲಿಟ್ಟು ನೇರಳಾತೀತ ದೀಪದ ಅಡಿಯಲ್ಲಿ ಹಾಯಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಾರ್ನಿಷ್ ಗಾಜಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ನಿಜವಾಗಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಹೆಬ್ಬೆರಳು ಒತ್ತಿ ತಿರುಚಿ ನೋಡಬೇಕು. ಕೈಗವಸು ಹಾಕಿಕೊಂಡೇ ಮಾಡಿ ಎಂದು ನಿಯಮವಿದೆ. ಆದರೆ ಅಂಟು ತಿಳಿಯುವುದು ಚರ್ಮಕ್ಕೆ, ರಬ್ಬರಿಗಲ್ಲ ಎಂದು ಅವಳು ಆ ಒಂದು ಗಳಿಗೆ ಗವಸು ಕಳಚುತ್ತಾಳೆ.

ಅವಳ ಅಪ್ಪ ಐತಪ್ಪನ ಹೆಬ್ಬೆರಳೂ ಹಾಗೆಯೇ ಇತ್ತು. ಒಮ್ಮೆ ಇಬ್ಬರೂ ಸೇರಿ ಮೊಬೈಲಿನ ಸಿಮ್ ಕೊಳ್ಳಲು ಹೋಗಿದ್ದರು. ಅಂಗಡಿಯ ಯಂತ್ರ ಮೊದಲು ಅಪ್ಪನ ಬೆರಳನ್ನು ಒಪ್ಪಲಿಲ್ಲ, ಆಮೇಲೆ ಮಗಳದ್ದನ್ನೂ ಒಪ್ಪಲಿಲ್ಲ. ಅಪ್ಪ ಅಂಗಡಿಯವಳ ಮುಖ ನೋಡಿ, ಮಗಳಿಗೆ ಮಾತ್ರ ಕೇಳುವಂತೆ, "ನಾವಿಬ್ರೂ ಇನ್ನೂ ಹುಟ್ಲೇ ಇಲ್ಲ ಅಂತ ಕಾಣ್ತದೆ ಮಾರಾಯ್ತಿ" ಎಂದಿದ್ದ.

ಅಪ್ಪನ ಬೆರಳು ಸವೆದದ್ದು ಬಿಸಿನೀರಿನಿಂದ. ಬಂಟವಾಳದ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಮದರಾಸಿಗೆ ಬಂದವನು ಆರು ವರ್ಷ ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆದ. ಹನ್ನೆರಡು ವರ್ಷ ದೋಸೆ ಕಾವಲಿಯ ಮುಂದೆ ನಿಂತ. ಕೊನೆಗೆ ವೇಲಚೇರಿಯ ರೈಲು ನಿಲ್ದಾಣದ ಹತ್ತಿರ ತನ್ನದೇ ಸಸ್ಯಾಹಾರಿ ಹೋಟೆಲು ಹಾಕಿದ. ಸಾಂಬಾರು ಒಂದು ದಿನ ಹೆಚ್ಚುಕಡಿಮೆ ಆದರೂ ಅವನು ಸಹಿಸಿಕೊಳ್ಳುತ್ತಿದ್ದ, ಗೋಡೆಯ ಮೇಲೆ ಒಂದು ಬೆರಳ ಗುರುತು ಕಂಡರೆ ಸಹಿಸುತ್ತಿರಲಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ನೆಲದಿಂದ ಎದೆಯೆತ್ತರ ದಾಟಿ ಕೈ ಎಟಕುವವರೆಗೆ ಗೋಡೆಗೆ ನೀರು ಬೀಳಲೇಬೇಕು. ಬಾಯ್ಲರಿನ ಬಿಸಿನೀರು, ಸೀಗೆಪುಡಿ, ತೆಂಗಿನ ನಾರು. ಹರ್ಷಿಣಿ ಮತ್ತು ಅವಳ ತಮ್ಮ ಶ್ರೀಶ ಶಾಲೆಗೆ ಹೋಗುವ ಮೊದಲು ದಿನವೂ ಒಂದೊಂದು ಗೋಡೆ ತೊಳೆದು ಬೆಳೆದವರು. ಮೇಲಿನಿಂದ ಕೆಳಗೆ ತಿಕ್ಕಬೇಕು, ಕೆಳಗಿನಿಂದ ಮೇಲಕ್ಕೆ ತಿಕ್ಕಿದರೆ ಕೊಳೆ ಅಂಗಿಯ ತೋಳಿನೊಳಗೆ ಇಳಿಯುತ್ತದೆ ಎಂದು ಅಪ್ಪ ಕಲಿಸಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದೇ ಎಂದು ಹತ್ತು ವರ್ಷದ ಹರ್ಷಿಣಿ ಒಮ್ಮೆ ಕೇಳಿದ್ದಕ್ಕೆ ಅವನು ಅಂದದ್ದು ಹೋಟೆಲಿನಲ್ಲೆಲ್ಲ ನಗೆಯ ಮಾತಾಗಿತ್ತು: "ಒರೆಸುವುದು ಆಫೀಸಿನವರ ಕೆಲಸ. ಹೋಟ್ಲಿನವರು ತೊಳಿಯುವುದು."

ಆ ಮಾತು ಅವಳಿಗೆ ನೆನಪಿತ್ತು. ನೆನಪಿದ್ದೂ ಉಪಯೋಗಕ್ಕೆ ಬರಲಿಲ್ಲ ಎಂಬುದೇ ಅವಳ ಬದುಕಿನ ಕತೆ.

ಅವಳು ರಸಾಯನಶಾಸ್ತ್ರ ಓದಿದಳು, ಈ ಕಂಪನಿಗೆ ಸೇರಿದಳು. ಮದುವೆಯ ಮಾತು ಎರಡು ಸಲ ಮನೆ ಬಾಗಿಲಿಗೆ ಬಂದು ತಿರುಗಿಹೋಯಿತು. ಅವಳ ಮನಸ್ಸೆಲ್ಲ ಒಂದೇ ಕೆಲಸದಲ್ಲಿತ್ತು. ಮರಕ್ಕೆ ಬೆಂಕಿ ತಗುಲಿದರೆ ಮೊದಲು ಹೊತ್ತಿಕೊಳ್ಳುವುದು ಮೇಲಿನ ವಾರ್ನಿಷ್. ಆ ವಾರ್ನಿಷಿಗೇ ಬೆಂಕಿ ತಡೆಯುವ ಗುಣ ಕೊಡಬೇಕು. ಅದಕ್ಕೆ ಬೆರೆಸುವ ಒಂದು ಬಗೆಯ ಫಾಸ್ಫೇಟ್ ಪುಡಿ ಇದೆ. ಬಿಸಿ ತಾಗಿದ ಕೂಡಲೇ ಅದು ವಾರ್ನಿಷನ್ನು ಉಬ್ಬಿಸಿ, ಕರಿಯ ನೊರೆಯ ಹಾಗೆ ಮಾಡಿ, ಮರದ ಮೇಲೆ ಹೊದಿಕೆ ಹೊದಿಸುತ್ತದೆ. ತಾನು ಸುಟ್ಟುಕೊಂಡು ಮರವನ್ನು ಕಾಯುತ್ತದೆ. ಆದರೆ ಪುಡಿ ಹೆಚ್ಚಾದರೆ ದೀಪದ ಬೆಳಕು ಒಳಗಿಳಿಯುವುದಿಲ್ಲ, ಮೇಲೆ ಗಟ್ಟಿ ಕಂಡರೂ ಅಡಿಯಲ್ಲಿ ಹಸಿ ಉಳಿಯುತ್ತದೆ. ಕಡಿಮೆಯಾದರೆ ಬೆಂಕಿ ನಿಲ್ಲುವುದಿಲ್ಲ. ಪುಡಿಯ ಬದಲು ಫಾಸ್ಫರಸ್ಸನ್ನು ವಾರ್ನಿಷಿನ ಅಂಟಿನ ಅಣುಗಳ ಸರಪಣಿಗೇ ಹೆಣೆಯುವ ದಾರಿಯೊಂದಿತ್ತು. ಅದರಲ್ಲಿ ಹಲಗೆ ಹಳದಿ ತಿರುಗುತ್ತಿತ್ತೆಂದು ಅದನ್ನು ಬಿಟ್ಟಳು. ಮೂರು ವರ್ಷ ಹೆಬ್ಬೆರಳು ಒತ್ತಿ ಒತ್ತಿ, ಪುಡಿಯ ಸರಿಯಾದ ಪ್ರಮಾಣ ಹುಡುಕಿದಳು.

ಅದು ಸಿಕ್ಕ ವಾರವೇ ಅಪ್ಪನನ್ನು ಕಂಪನಿಯ ಹಿತ್ತಿಲಿಗೆ ಕರೆಸಿಕೊಂಡಳು. ಎರಡು ಹಲಗೆ ನಿಲ್ಲಿಸಿ ಎರಡಕ್ಕೂ ಗ್ಯಾಸಿನ ಜ್ವಾಲೆ ಹಿಡಿಸಿದಳು. ಮಾಮೂಲಿ ಹಲಗೆ ಒಂದೂವರೆ ನಿಮಿಷಕ್ಕೆ ಹೊತ್ತಿಕೊಂಡಿತು. ಅವಳದ್ದು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿ, ಕಪ್ಪಾಗಿ, ಹಾಗೇ ನಿಂತಿತು. ಐತಪ್ಪ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು ಎಣಿಸಿದ. ಹತ್ತು ನಿಮಿಷ. ಜ್ವಾಲೆ ಆರಿಸಿದ ಮೇಲೆ ಕರಿಯನ್ನು ಉಗುರಿನಿಂದ ಕೆರೆದು ನೋಡಿದರೆ ಕೆಳಗೆ ಮರ ಬೆಳ್ಳಗೆ ಇತ್ತು. ಅವನು ಹೊಗಳಲಿಲ್ಲ. ಹೊಸದಾಗಿ ಮಾಡಿಸುತ್ತಿದ್ದ ಹವಾನಿಯಂತ್ರಿತ ಹಾಲಿನ ಗೋಡೆಗಳಿಗೆ, ಕೈ ಎಟಕುವಷ್ಟು ಎತ್ತರಕ್ಕೆ, ಇದೇ ಹಲಗೆ ಆಗಬೇಕು ಎಂದಷ್ಟೇ ಹೇಳಿದ.

ಆಮೇಲೆ ಹೊಗಳಿದ್ದೆಲ್ಲ ಬೇರೆಯವರ ಮುಂದೆ. ಕಾಫಿಗೆ ಬಂದವರಿಗೆ, ತರಕಾರಿ ತಂದವರಿಗೆ, ಊರಿನವರ ಮದುವೆ ಮುಂಜಿಗಳಲ್ಲಿ ಸಿಕ್ಕ ಹೋಟೆಲಿನವರಿಗೆಲ್ಲ ಮಗಳ ಹಲಗೆ ಹತ್ತು ನಿಮಿಷ ಬೆಂಕಿ ತಡೆಯುತ್ತದೆಂದು ಹೇಳಿದ. ಅವನ ಮಾತು ನಂಬಿ ಹನ್ನೊಂದು ಹೋಟೆಲುಗಳು ಅದೇ ಹಲಗೆ ಹಾಕಿಸಿಕೊಂಡವು. ಒದ್ದೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ ಎಂದು ಹರ್ಷಿಣಿಯೇ ಬರೆದ ಸೂಚನೆಯ ಹಾಳೆ ಪ್ರತಿ ಕಟ್ಟಿನ ಜೊತೆ ಹೋಯಿತು, ಇಂಗ್ಲಿಷಿನಲ್ಲಿ ಮತ್ತು ತಮಿಳಿನಲ್ಲಿ. ಐತಪ್ಪನಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಅವಳು ಬಾಯಲ್ಲೂ ಹೇಳಿದ್ದಳು. ಅವನು ಹೂಂ ಅಂದಿದ್ದ.

ಹದಿನಾಲ್ಕು ತಿಂಗಳು ಕಳೆದವು. ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಊಟ ಮುಗಿದು ತಿಂಡಿ ಶುರುವಾಗುವ ಮೊದಲಿನ ಬಿಡುವಿನಲ್ಲಿ, ಹಾಲಿನ ಮೇಲ್ಛಾವಣಿಯ ವಿದ್ಯುತ್ ತಂತಿಗೆ ಬೆಂಕಿ ಹಿಡಿಯಿತು. ಗಿರಾಕಿಗಳು ಹತ್ತು ಹದಿನೈದು ಜನ, ಕೆಲಸದವರು ಒಂಬತ್ತು. ಶ್ರೀಶ ಗಲ್ಲಾ ಬಿಟ್ಟೆದ್ದು ಎಲ್ಲರನ್ನೂ ಬೀದಿಗೆ ದಾಟಿಸಿದ. ಐತಪ್ಪನೂ ಹೊರಗೆ ಬಂದಿದ್ದ. ಬಂದವನು, ಕೈ ತೊಳೆಯುವಲ್ಲಿರುವ ಶೌಚಾಲಯದ ಬಾಗಿಲು ಬಡಿದು ನೋಡಿಲ್ಲ, ಒಳಗೆ ಯಾರಾದರೂ ಉಳಿದಿರಬಹುದು ಎಂದು ಮತ್ತೆ ಒಳಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಅವನು ಸಿಕ್ಕಿದ್ದು ಕೈ ತೊಳೆಯುವ ಬೇಸಿನ್ನಿನ ಬುಡದಲ್ಲಿ, ಹೊಗೆ ಕುಡಿದು, ಗೋಡೆಗೆ ಒರಗಿದ ಹಾಗೆ.

ಅಪ್ಪ ತೀರಿಕೊಂಡ ಒಂಬತ್ತನೆಯ ದಿನ ಹರ್ಷಿಣಿ ಸುಟ್ಟ ಹಾಲಿನೊಳಗೆ ಹೋದಳು. ಹೊರಗೆ ಆಗಲೇ ಜನ ಸೇರುತ್ತಿದ್ದರು. ಗೋಡೆಯ ಹಲಗೆಗಳೆಲ್ಲ ಸುಟ್ಟು ಹೋಗಿ ಹಿಂದಿನ ಇಟ್ಟಿಗೆ ಕಾಣುತ್ತಿತ್ತು. ಆದರೆ ಕಟೀಲಿನ ಅಮ್ಮನ ಪಟ ತೂಗುಹಾಕಿದ್ದ ಜಾಗದಲ್ಲಿ, ಪಟ ಉರಿದು ಬಿದ್ದರೂ, ಪಟದಷ್ಟೇ ಅಗಲದ ಒಂದು ಚೌಕ ಉಳಿದಿತ್ತು. ಬೀದಿಯವರು ಅದಕ್ಕೆ ಮಲ್ಲಿಗೆ ಮುಡಿಸಿದ್ದರು, ಕರ್ಪೂರ ಹಚ್ಚಿದ್ದರು. ದೇವಿ ತನ್ನ ಜಾಗ ಸುಡಗೊಡಲಿಲ್ಲ ಎಂದು ತಮಿಳಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹರ್ಷಿಣಿ ಹತ್ತಿರ ಹೋಗಿ ನೋಡಿದಳು. ಚೌಕದೊಳಗೆ ವಾರ್ನಿಷ್ ಹಪ್ಪಳದ ಹಾಗೆ ಉಬ್ಬಿತ್ತು. ಉಗುರಿನಿಂದ ಕೆರೆದಳು. ಕೆಳಗೆ ಮರ ಬೆಳ್ಳಗೆ ಇತ್ತು.

ಅವಳು ಅಲ್ಲೇ ಕುಕ್ಕರಿಸಿದಳು. ಅಪ್ಪ ಎಲ್ಲ ಕಡೆ ನೀರೆರಚುತ್ತಿದ್ದ, ದೇವಿಯ ಪಟದ ಮೇಲೆ ಮಾತ್ರ ಎರಚುತ್ತಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಆ ಹಾಲಿನಲ್ಲಿ ಬಿಸಿನೀರು ಸೋಕದ ಜಾಗ ಅದೊಂದೇ. ಉಳಿದೆಲ್ಲ ಕಡೆ ಅವಳ ಫಾಸ್ಫೇಟ್ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸೀಗೆನೀರಿನಲ್ಲಿ ಕರಗಿ ಮೋರಿ ಸೇರಿತ್ತು. ಹಲಗೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಪ್ರಯೋಗಾಲಯದಲ್ಲಿ ಅವಳು ಬೆಂಕಿ ಹಿಡಿಸಿ ನೋಡಿದ್ದಳು, ಬಿಸಿಲಿಗಿಟ್ಟು ನೋಡಿದ್ದಳು, ಉಗುರಿನಿಂದ ಗೀಚಿ ನೋಡಿದ್ದಳು. ತೊಳೆದು ನೋಡಿರಲಿಲ್ಲ. ಬೇರೆ ಯಾರಿಗೆ ಹೊಳೆಯದಿದ್ದರೂ ಐತಪ್ಪನ ಮಗಳಿಗೆ ಅದು ಹೊಳೆಯಬೇಕಿತ್ತು.

ಅವಳ ಪ್ರಯೋಗಾಲಯದ ಮುಖ್ಯಸ್ಥ ತಿರುಮಲ. ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ಕನ್ನಡದ ಮನೆಯವರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಟದ ಗಾಜೇ ಬೆಂಕಿಯನ್ನು ಸ್ವಲ್ಪ ಹೊತ್ತು ತಡೆದಿರಬಹುದಲ್ಲ ಎಂದರು. ಹಲಗೆ ಈಗ ಮಾರುಕಟ್ಟೆಯಲ್ಲಿದೆ, ಊಹೆಯ ಮೇಲೆ ಹಿಂದಕ್ಕೆ ಕರೆಸಲು ಮೇಲಿನವರು ಒಪ್ಪುವುದಿಲ್ಲ ಎಂದರು. "ನೀವು ಕೊಂಚ ದಿನ ಲೀವ್ ಹಾಕಿಕೊಳ್ಳಿಮ್ಮಾ. ದುಃಖದಾಗೆ ಹೀಂಗೆಲ್ಲ ತೋಚತ್ತೆ." ಆಮೇಲೆ, ಅವಳು ಏಳದೆ ಕೂತೇ ಇದ್ದುದನ್ನು ನೋಡಿ, ಆ ಚೌಕವನ್ನೇ ತಂದರೆ ಬೇರೆ ಮಾತು ಎಂದರು. ಒಂದೇ ಹಲಗೆ, ಒಂದೇ ಬೆಂಕಿ. ನಡುವೆ ನೀರು ಸೋಕದ ಭಾಗ, ಅಂಚಿನಲ್ಲಿ ಸೋಕಿದ ಭಾಗ. ಎರಡರಲ್ಲೂ ಫಾಸ್ಫರಸ್ ಎಷ್ಟು ಉಳಿದಿದೆ ಎಂದು ಅಳೆದರೆ ಯಾರೂ ಅಲ್ಲಗಳೆಯಲಾರರು.

ಆದರೆ ಚೌಕ ಆಗಲೇ ಮನೆಗೆ ಬಂದಿತ್ತು. ಅವಳ ಅಮ್ಮ ವಿನೋದಾ ಬಡಗಿಯನ್ನು ಕರೆಸಿ, ಅಂಚಿನ ಕರಿಯೂ ಸೇರಿದಂತೆ ಅದನ್ನು ಕೊಯ್ಯಿಸಿ, ಫ್ಲಾಟಿನ ದೇವರ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ದಿನವೂ ಕುಂಕುಮ ಹಚ್ಚುತ್ತಿದ್ದಳು. ಅವಳಿಗೆ ಉಳಿದ ಸಮಾಧಾನ ಎರಡೇ. ದೇವಿ ತನ್ನ ಜಾಗ ಉಳಿಸಿಕೊಂಡಳು ಎಂಬುದು ಒಂದು. ಮಗಳ ಹಲಗೆ ಇದ್ದುದರಿಂದ ಅಷ್ಟು ಜನ ಬದುಕಿ ಹೊರಗೆ ಬಂದರು ಎಂಬುದು ಇನ್ನೊಂದು. ನೋಡಲು ಬಂದವರಿಗೆಲ್ಲ ಅವಳು ಇವೆರಡನ್ನೇ ಹೇಳುತ್ತಿದ್ದಳು.

ಹರ್ಷಿಣಿ ಮೊದಲು ಶ್ರೀಶನಿಗೆ ಹೇಳಿದಳು. ನಿಲ್ದಾಣದ ಮೆಟ್ಟಿಲ ಮೇಲೆ, ಜನರ ಓಡಾಟದ ನಡುವೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಚೆನ್ನೈಯಲ್ಲೇ ಹುಟ್ಟಿ ಓದಿದ ಅವನಿಗೆ ಕಷ್ಟದ ಮಾತು ಬಂದರೆ ನಾಲಿಗೆಗೆ ಮೊದಲು ಬರುವುದು ತಮಿಳು.

"ವೇಂಡಾಂ ಅಕ್ಕಾ" ಎಂದ. "ಬೇಡ. ಅಮ್ಮನಿಗೆ ಹೇಳ್ಬೇಡ. ಅವಳ ಹತ್ರ ಬೇರೆ ಎಂತ ಉಂಟು ಈಗ?"

ಹರಿದಾಸಣ್ಣನ ಹಾಲಿನಲ್ಲಿ ದಿನವೂ ನಾನೂರು ಜನ ಕೂತು ಉಣ್ಣುತ್ತಾರೆ ಎಂದು ಅವಳು ಹೇಳಿದಳು. ಹರಿದಾಸ ಅಪ್ಪನ ಗೆಳೆಯ, ಕೋಯಂಬೇಡಿನ ಬಸ್ ನಿಲ್ದಾಣದ ಪಕ್ಕದಲ್ಲಿ ಹೋಟೆಲು ಇಟ್ಟವನು, ಅವನೂ ಗೋಡೆ ತೊಳೆಯದೆ ದೀಪ ಹಚ್ಚುವವನಲ್ಲ. ಹಾಗೆ ಇನ್ನೂ ಹತ್ತು ಹೋಟೆಲುಗಳಿವೆ ಎಂದಳು.

ಶ್ರೀಶ ಅವಳ ಕಡೆ ನೋಡದೆ ಹೇಳಿದ. "ಅಪ್ಪ ತಿರುಗಿ ಒಳಗೆ ಹೋಗುವಾಗ ನಾನು ಅಂಗಿ ಹಿಡ್ದಿದ್ದೆ ಅಕ್ಕಾ. ಬಿಡಿಸ್ಕೊಂಡ್ರು. 'ಬಿಡು ಮಾರಾಯಾ, ಹರ್ಷಿ ಹೇಳಿದ್ದಾಳೆ, ಹತ್ತು ನಿಮಿಷ ಉಂಟು' ಅಂದ್ರು. ನಾನು ಬಿಟ್ಟೆ."

ಒಂದು ರೈಲು ಬಂದು ನಿಂತು ಹೋಯಿತು. ಈ ಮಾತು ಮಾತ್ರ ಅಮ್ಮನಿಗೆ ಬೇಡ ಎಂದು ಇಬ್ಬರೂ ಒಪ್ಪಿಕೊಂಡರು.

ಮರುದಿನ ಬೆಳಗ್ಗೆ ಅಮ್ಮ ದೀಪ ಹಚ್ಚಿ ಮುಗಿಸುವವರೆಗೆ ಕಾದು, ಹರ್ಷಿಣಿ ಅವಳ ಪಕ್ಕ ನೆಲದ ಮೇಲೆ ಕೂತು, ಆ ಹಲಗೆ ತನಗೆ ಬೇಕು ಎಂದಳು. ಯಾಕೆ ಬೇಕು ಎಂದು ಹೇಳತೊಡಗಿದಾಗ ಮೊದಲು ಪ್ರಯೋಗಾಲಯದ ಮಾತುಗಳೇ ಬಾಯಿಗೆ ಬಂದವು. ಅಮ್ಮನ ಮುಖ ನೋಡಿ ಅವನ್ನೆಲ್ಲ ಬಿಟ್ಟಳು. ಉಪ್ಪಿನಕಾಯಿಯನ್ನು ದಿನಾ ತೊಳೆದರೆ ಉಪ್ಪು ಉಳಿಯುತ್ತದಾ ಎಂದು ಕೇಳಿದಳು. ಅಮ್ಮನಿಗೆ ಅರ್ಥವಾಯಿತು.

"ಹಾಗಾದ್ರೆ ಅವರು ತೊಳೀಬಾರ್ದಿತ್ತಾ?"

"ಅಪ್ಪ ತೊಳೀತಾರೆ ಅಂತ ನನಗೆ ಗೊತ್ತಿರ್ಬೇಕಿತ್ತು ಅಮ್ಮ. ನಾನೂ ತೊಳೆದವಳೇ ಅಲ್ವಾ?"

ವಿನೋದಾ ದೀಪದ ಬತ್ತಿಯನ್ನು ಸುಮ್ಮನೆ ಸ್ವಲ್ಪ ಮುಂದೆ ಮಾಡಿದಳು, ಮತ್ತೆ ಹಿಂದೆ ಮಾಡಿದಳು. "ಬಾಕಿ ಗೋಡೆ ಎಲ್ಲ ಕೆಲಸದವರು ತೊಳೀತಿದ್ರು" ಎಂದಳು. "ನಿನ್ನ ಹಲಗೆ ಮಾತ್ರ ಯಾರೂ ಮುಟ್ಲಿಕ್ಕಿಲ್ಲ. ಅವರೇ ಆಗ್ಬೇಕು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಊಟ ಮುಗಿದ ಮೇಲೆ ಒಂದು ಸಲ. ಸೊಂಟ ನೋಯ್ತದೆ, ಬಿಡಿ ಅಂದ್ರೆ ಕೇಳ್ಲಿಲ್ಲ. ಮಗಳು ಯಾವಾಗ ಬಂದ್ರೂ ಹೊಳೀಬೇಕು ಅಂತ."

ದಿನಕ್ಕೆ ಎರಡು ಸಲ. ಹರ್ಷಿಣಿಗೆ ಅದು ಗೊತ್ತಿರಲಿಲ್ಲ. ತಾನು ಭಾನುವಾರಗಳಲ್ಲಿ ಹೋದಾಗ ಹಲಗೆಯಲ್ಲಿ ತನ್ನ ಮುಖ ಕಾಣುತ್ತಿದ್ದುದು, ತನ್ನ ವಾರ್ನಿಷ್ ಎಷ್ಟು ಚೆನ್ನಾಗಿ ಬಾಳುತ್ತಿದೆ ಎಂದು ಅಂದುಕೊಂಡದ್ದು, ಅಪ್ಪ ಗಲ್ಲಾದ ಹಿಂದಿನಿಂದ ತನ್ನನ್ನೇ ನೋಡುತ್ತಿದ್ದುದು ಎಲ್ಲ ನೆನಪಾಯಿತು. ಅವಳು ಅಮ್ಮನ ಮಡಿಲಿನಲ್ಲಿ ಮುಖವಿಟ್ಟಳು. ಅಮ್ಮ ಬೆನ್ನು ಸವರಲಿಲ್ಲ, ದೂಡಲೂ ಇಲ್ಲ.

ಬಹಳ ಹೊತ್ತಿನ ಮೇಲೆ ವಿನೋದಾ ಎದ್ದು ಹಲಗೆಯ ಚೌಕವನ್ನು ಕೆಳಗಿಳಿಸಿದಳು. ಕುಂಕುಮ ತೆಗೆಯಲೆಂದು ಅಭ್ಯಾಸಬಲದಿಂದ ತಂಬಿಗೆಯ ನೀರಿಗೆ ಕೈ ಅದ್ದಿದವಳು ಥಟ್ಟನೆ ನಿಂತಳು.

"ನೀರು ಹಾಕ್ಬಾರ್ದಲ್ವಾ?" ಎಂದಳು. ಸೆರಗಿನ ತುದಿಯಿಂದ ಒರೆಸಿದಳು. ಒಣ ಸೆರಗಿನಿಂದ ಮೆಲ್ಲಗೆ, ಮೇಲಿನಿಂದ ಕೆಳಗೆ.

ಪರೀಕ್ಷೆಯ ಫಲ ನಾಲ್ಕು ದಿನಕ್ಕೆ ಬಂತು. ನಡುವಿನ ಭಾಗದಲ್ಲಿ ಫಾಸ್ಫರಸ್ ಬೇಕಾದಷ್ಟಿತ್ತು, ಅಂಚಿನಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ತಿರುಮಲ ಆ ಕಾಗದವನ್ನು ತಾವೇ ಹಿಡಿದುಕೊಂಡು ಮೇಲಿನವರ ಬಳಿ ಹೋದರು. ಹಲಗೆಯ ಮಾರಾಟ ನಿಂತಿತು. ಹನ್ನೊಂದು ಹೋಟೆಲುಗಳಿಗೂ ಕಂಪನಿಯಿಂದ ಪತ್ರ ಹೋಯಿತು. ಪತ್ರ ಸಾಲದು ಎಂದು ಹರ್ಷಿಣಿ ಹನ್ನೊಂದಕ್ಕೂ ತಾನೇ ಹೋದಳು. ಕೋಯಂಬೇಡಿನಲ್ಲಿ ಹರಿದಾಸ ಅವಳನ್ನು ಕೂರಿಸಿ, ಕಾಫಿ ತರಿಸಿ, ಅವಳು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ತನ್ನ ಹಾಲಿನ ಹೊಳೆಯುವ ಗೋಡೆಯ ಮೇಲೆ ಕೈಯಿಟ್ಟು ನಿಂತ. ನಾಳೆಯೇ ಕೀಳಿಸುತ್ತೇನೆ ಎಂದ. ಅವಳನ್ನು ಒಂದು ಮಾತೂ ಅನ್ನಲಿಲ್ಲ. ಐತಪ್ಪ ಇದ್ದಿದ್ದರೆ ಈ ಕಾಫಿಗೆ ಡಿಕಾಕ್ಷನ್ ತೆಳುವಾಯಿತು ಎಂದು ಖಂಡಿತ ಬೈಯುತ್ತಿದ್ದ ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡ.

ಕೆಲಸ ಬಿಡುತ್ತೇನೆಂದು ಅವಳು ಬರೆದುಕೊಟ್ಟ ಪತ್ರವನ್ನು ತಿರುಮಲ ತಮ್ಮ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡರು, ಮುಂದಕ್ಕೆ ಕಳಿಸಲಿಲ್ಲ. ಹಿಂದೆ ಕೈಬಿಟ್ಟಿದ್ದ ದಾರಿಯನ್ನೇ ಅವಳು ಮತ್ತೆ ಹಿಡಿದಳು. ಪುಡಿಯಾಗಿ ಬೆರೆಸಿದರೆ ತಾನೇ ತೊಳೆದುಹೋಗುವುದು. ಸರಪಣಿಗೇ ಹೆಣೆದುಬಿಟ್ಟರೆ ಯಾವ ನೀರೂ ಬಿಡಿಸಲಾರದು. ಹಳದಿ ತಿರುಗುವುದನ್ನು ನಿಲ್ಲಿಸಲು ಐದು ತಿಂಗಳು ಹಿಡಿಯಿತು. ಆಮೇಲೆ ತೊಳೆಯುವ ಪರೀಕ್ಷೆ ಬಂತು. ಹಲಗೆ ಉಜ್ಜಲು ಕಂಪನಿಯಲ್ಲಿ ಯಂತ್ರವೊಂದಿದೆ. ಅದರ ವಿಷಯ ಮನೆಯಲ್ಲಿ ಹೇಳುತ್ತಿದ್ದಾಗ ಅಮ್ಮ ನಡುವೆ ಬಾಯಿ ಹಾಕಿದಳು. ಯಂತ್ರಕ್ಕೆ ಅವರ ಹಾಗೆ ತಿಕ್ಕಲಿಕ್ಕೆ ಬರ್ತದಾ ಎಂದು ಕೇಳಿದಳು. ಹಲಗೆ ಮನೆಗೆ ತಾ ಎಂದಳು.

ಹಾಗೆ ವೇಲಚೇರಿಯ ಫ್ಲಾಟಿನ ಬಾಲ್ಕನಿಯಲ್ಲಿ ಮೂರು ಹಲಗೆಗಳು ಸಾಲಾಗಿ ನಿಂತವು. ವಿನೋದಾ ನೀರು ಕಾಯಿಸಿ, ಸೀಗೆಪುಡಿ ಕದಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಳು. ಹದಿನಾಲ್ಕು ತಿಂಗಳು, ದಿನಕ್ಕೆ ಎರಡು ಸಲ ಎಂದರೆ ಎಂಟುನೂರ ನಲವತ್ತು. ದಿನಕ್ಕೆ ಎಂಟರಂತೆ ನೂರೈದು ದಿನ. ಪ್ರತಿ ಸಲ ತೊಳೆದಾದ ಮೇಲೆ ಬಾಲ್ಕನಿಯ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ರಜೆಯ ದಿನ ಹರ್ಷಿಣಿ ಸಹಾಯಕ್ಕೆ ಹೋದರೆ ಅವಳ ಕೈ ನೋಡಿ, ಅವರಾದರೆ ಇನ್ನೂ ಒತ್ತಿ ತಿಕ್ಕುತ್ತಿದ್ದರು ಎನ್ನುತ್ತಿದ್ದಳು. ಶ್ರೀಶ ಎರಡು ಬಕೆಟ್ ನೀರು ತಂದಿಟ್ಟು, ನಿಲ್ಲದೆ ಒಳಗೆ ಹೋಗಿಬಿಡುತ್ತಿದ್ದ.

ನೂರಾರನೆಯ ದಿನ, ಕಂಪನಿಯ ಹಿತ್ತಿಲಿನಲ್ಲಿ, ಅಪ್ಪ ನಿಂತಿದ್ದ ಜಾಗದಲ್ಲೇ ನಿಂತು ಹರ್ಷಿಣಿ ಹಲಗೆಗೆ ಜ್ವಾಲೆ ಹಿಡಿಸಿದಳು. ಗಡಿಯಾರ ತಿರುಮಲ ಹಿಡಿದಿದ್ದರು. ಹಲಗೆ ಉಬ್ಬಿತು, ಕಪ್ಪಾಯಿತು, ನಿಂತಿತು. ಹತ್ತು ನಿಮಿಷವಾಯಿತು ಎಂದು ತಿರುಮಲ ಹೇಳಿದರು. ಅವಳು ಜ್ವಾಲೆ ಆರಿಸಲಿಲ್ಲ. ಸಾಕು ಎಂದು ಅವರು ಇನ್ನೊಮ್ಮೆ ಹೇಳಬೇಕಾಯಿತು.

ಸಂಜೆ ಮನೆಗೆ ಹೋದಾಗ ಅಮ್ಮ ಬಾಲ್ಕನಿಯಲ್ಲಿ ಖಾಲಿ ಬಕೆಟಿನ ಪಕ್ಕ ಕೂತಿದ್ದಳು.

"ಎಷ್ಟು ನಿಂತಿತು?"

"ಹನ್ನೊಂದು ಮುಕ್ಕಾಲು ನಿಮಿಷ ಅಮ್ಮ. ಇನ್ನೂ ನಿಲ್ತಿತ್ತು."

ವಿನೋದಾ ತಲೆಯಾಡಿಸಿದಳು. "ಅವರು ಹತ್ತು ಅಂತ ಎಣಿಸಿ ಹೋದದ್ದು" ಎಂದಳು. ಅಮ್ಮ ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳನ್ನೇ ನೋಡುತ್ತಿದ್ದಳು. "ಶ್ರೀಶ ನಿದ್ದೆಯಲ್ಲಿ ಹೇಳ್ತಾನೆ. ದಿನಾ ಹೇಳ್ತಾನೆ. ನೀವಿಬ್ರೂ ನನಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದೀರಿ."

ಕೆಳಗೆ ಬೀದಿಯಲ್ಲಿ ಯಾರೋ ಹೂವು ಕೂಗುತ್ತ ಹೋದರು. ಆ ಕೂಗು ದೂರವಾದ ಮೇಲೆ ವಿನೋದಾ ಮಗಳ ಕಡೆ ತಿರುಗಿದಳು.

"ಹಾಗಾದ್ರೆ ನಾಳೆಯಿಂದ ನನಗೆ ತೊಳೀಲಿಕ್ಕೆ ಎಂತದೂ ಇಲ್ಲವಾ ಮಗಾ?"

ಮರುದಿನ ಬೆಳಗ್ಗೆ ಹರ್ಷಿಣಿಗೆ ಎಚ್ಚರವಾದದ್ದು ಬಕೆಟಿಗೆ ಬಿಸಿನೀರು ಸುರಿಯುವ ಸದ್ದಿಗೆ. ಬೆಂಕಿಗೆ ಒಡ್ಡದೆ ಉಳಿದಿದ್ದ ಎರಡು ಹಲಗೆಗಳನ್ನು ಹಿಂದಿನ ರಾತ್ರಿ ಅವಳೇ ಕಂಪನಿಗೆ ಹೋಗಿ ಬಾಲ್ಕನಿಗೆ ವಾಪಸು ತಂದು ನಿಲ್ಲಿಸಿದ್ದಳು. ಅಮ್ಮ ಒಂದರ ಮುಂದೆ ಕೂತು ಆಗಲೇ ನಾರು ಅದ್ದಿದ್ದಳು. ಹರ್ಷಿಣಿ ತೋಳು ಮೇಲೇರಿಸಿಕೊಂಡು ಇನ್ನೊಂದರ ಮುಂದೆ ಕೂತಳು.

"ಒತ್ತಿ ತಿಕ್ಕು" ಎಂದಳು ಅಮ್ಮ.

ಅವಳು ಒತ್ತಿ ತಿಕ್ಕಿದಳು.